ಹಾಟ್ ಟಬ್ ತರೋಕೆ ಮುಂಚೆ ಕೆಳಗಿನ ಕಾಂಕ್ರೀಟ್ ಮಟ್ಟ ಮಾಡ್ಕೊಳ್ಳಿ

ಅಮೆರಿಕದ ಮಿನ್ನೆಸೋಟಾ ಚಳೀಲಿ ಹಾಟ್ ಟಬ್, ಅಂದ್ರೆ ಹಿತ್ತಲಲ್ಲಿಟ್ಟು ಬಿಸಿನೀರಲ್ಲಿ ನಾಲ್ಕೈದು ಜನ ಕೂರೋ ದೊಡ್ಡ ತೊಟ್ಟಿ, ಅದರ ಆಸೆ ಯಾರಿಗೆ ಬರಲ್ಲ ಹೇಳಿ, ನಮ್ಮ ಮನೇಲೂ ಬಂತು. ಎಷ್ಟು ಜೆಟ್, ಯಾವ ಬಣ್ಣ, ಕವರ್ ಎಷ್ಟು ದಪ್ಪ ಅಂತ ಅಂಗಡಿಗಳಲ್ಲಿ ಗಂಟೆಗಟ್ಟಲೆ ವಿವರಿಸ್ತಾರೆ, ಆದ್ರೆ ಅದು ಕೂರೋ ಜಾಗದ ಬಗ್ಗೆ "ಗಟ್ಟಿ ಇರ್ಬೇಕು, ಲೆವೆಲ್ ಇರ್ಬೇಕು" ಅಂದು ಮುಗಿಸ್ತಾರೆ. ನನ್ನ ಪ್ರಕಾರ ಟಬ್‌ಗಿಂತ ಮುಂಚೆ ಯೋಚ್ನೆ ಮಾಡ್ಬೇಕಾಗಿರೋದೇ ಅದು, ಯಾಕಂದ್ರೆ ಟಬ್ ಕೂತ ಮೇಲೆ ಅದರ ಕೆಳಗೆ ಏನೂ ಮಾಡೋಕಾಗಲ್ಲ.

ಭಾರ ಲೆಕ್ಕ ಹಾಕಿ ನೋಡಿ. 7 ಅಡಿ ಚೌಕದ ಟಬ್ ಅಂದ್ರೆ ಸುಮಾರು 1,400 ಲೀಟರ್ ನೀರು, ನೀರೇ 1,400 ಕೆಜಿ ಆಯ್ತು, ಟಬ್ ಖಾಲಿ ಇದ್ರೂ 350-400 ಕೆಜಿ, ಅದರೊಳಗೆ ನಾಲ್ಕೈದು ಜನ ಕೂತ್ರೆ ಎರಡು ಟನ್ ದಾಟುತ್ತೆ. ಊರಲ್ಲಿ ಟೆರೇಸ್ ಮೇಲೆ ಪ್ಲಾಸ್ಟಿಕ್ ನೀರಿನ ಟ್ಯಾಂಕ್ ಇಡೋವಾಗ ತಳ ಪೂರ್ತಿ ಕಟ್ಟೆ ಮೇಲೆ ಕೂತಿದ್ಯಾ ಅಂತ ಬಗ್ಗಿ ಬಗ್ಗಿ ನೋಡ್ತಾರಲ್ಲ, ಒಂದು ಕಡೆ ಕೆಳಗೆ ಖಾಲಿ ಬಿಟ್ರೆ ತಳ ಸೀಳುತ್ತೆ ಅಂತ, ಇಲ್ಲೂ ಅದೇ ಲೆಕ್ಕ.

ನಮ್ಮ ಹಿತ್ತಲಲ್ಲಿ ಹಳೇ ಪ್ಯಾಟಿಯೋ, ಅಂದ್ರೆ ಕೂರೋಕೆ ಹಾಕಿದ ಕಾಂಕ್ರೀಟ್ ನೆಲ ಇತ್ತು, ಅದಕ್ಕೆ ಎರಡು ತೊಂದ್ರೆ. ಒಂದು, ವಾಟ. ಮಳೆ ನೀರು ಮನೆ ಗೋಡೆ ಕಡೆ ಬರಬಾರ್ದು ಅಂತ ಪ್ಯಾಟಿಯೋ ಹಾಕೋವಾಗ್ಲೇ ಅಡಿಗೆ ಕಾಲು ಇಂಚು ವಾಟ ಕೊಟ್ಟಿರ್ತಾರೆ, ಅದು ಸರಿಯಾದ ಕೆಲಸಾನೇ, ಕುರ್ಚಿ ಹಾಕಿ ಕೂತ್ರೆ ಗೊತ್ತೂ ಆಗಲ್ಲ. ಆದ್ರೆ 7 ಅಡಿ ಟಬ್‌ಗೆ ಅದು ಒಂದೂ ಮುಕ್ಕಾಲು ಇಂಚು ಆಗುತ್ತೆ, ನೀರಂತೂ ತನ್ನ ಮಟ್ಟಕ್ಕೇ ನಿಲ್ಲುತ್ತೆ, ಹಾಗಾಗಿ ತಗ್ಗಿನ ಕಡೆ ನೀರು ಅಂಚಿಗೆ ಬಂದಿರುತ್ತೆ, ಎತ್ತರದ ಕಡೆ ಸ್ಕಿಮ್ಮರ್ (ಮೇಲಿನ ನೀರು, ಕಸ ಎಳ್ಕೊಳ್ಳೋ ಭಾಗ) ಬಾಯಿ ಇದ್ರೆ ಅದು ನೀರಿನ ಜೊತೆ ಗಾಳಿ ಎಳ್ಕೊಳ್ಳುತ್ತೆ. ಇನ್ನೊಂದು ತೊಂದ್ರೆ, ಒಂದು ಮೂಲೆ ಕುಸಿದಿತ್ತು. ಇದೇ ನಿಜವಾದ ತಲೆನೋವು.

ತುಮಕೂರಲ್ಲಿ ನಮ್ಮ ಚಿಕ್ಕಪ್ಪ ಇದ್ದಾರೆ, ಜೀವನ ಪೂರ್ತಿ ಗಾರೆ ಕೆಲಸದ ಕಂಟ್ರಾಕ್ಟ್ ಮಾಡಿದವರು. ವಿಡಿಯೋ ಕಾಲ್‌ನಲ್ಲಿ ತೋರ್ಸಿದ್ರೆ "ರಸಮಟ್ಟ ಆಮೇಲೆ ಇಡು ಕಣೋ, ಮೊದ್ಲು ಆ ಮೂಲೆ ಯಾಕೆ ಕೂತಿದೆ ನೋಡು, ನೀರು ಎಲ್ಲಿಂದ ಬರ್ತಿದೆ" ಅಂದ್ರು. "ಚಿಕ್ಕಪ್ಪ, ಛಾವಣಿ ಮೇಲಿಂದ ಮಳೆ ನೀರಿನ ಗಟರ್ ಪೈಪ್ ಅಲ್ಲೇ ಇಳಿಯುತ್ತೆ" ಅಂದೆ. "ಮತ್ತೆ ಇನ್ನೇನು, ಮಣ್ಣು ತೊಳ್ಕೊಂಡು ಹೋಗಿದೆ, ಅದನ್ನ ತಿರುಗಿಸದೆ ನೀನು ಮೇಲೆ ಎಷ್ಟು ಸಿಮೆಂಟ್ ಸುರಿದ್ರೂ ಅಷ್ಟೇ." ಅಲ್ಲಿಂದ ಕೂತು ನೋಡಿ ಹೇಳಿದ್ದು, ಅದೇ ಸತ್ಯ. ಇಲ್ಲಿ ಇನ್ನೂ ಒಂದು ವಿಷ್ಯ ಸೇರ್ಕೊಳ್ಳುತ್ತೆ, ಮಣ್ಣು ಹೆಪ್ಪುಗಟ್ಟೋದು. ಟ್ವಿನ್ ಸಿಟೀಸ್ (ಮಿನಿಯಾಪೊಲಿಸ್, ಸೇಂಟ್ ಪಾಲ್) ಕಡೆ ಪಾಯಕ್ಕೆ ಕಟ್ಟಡ ಕೋಡ್ ಪ್ರಕಾರ 42 ಇಂಚು ಆಳ ಹೋಗ್ಬೇಕು, ರಾಜ್ಯದ ಉತ್ತರಕ್ಕೆ ಹೋದ್ರೆ 60 ಇಂಚು. ನೆಲದ ಮೇಲೆ ಸುಮ್ನೆ ಕೂತಿರೋ ಕಾಂಕ್ರೀಟ್ ಪ್ಯಾಡ್‌ಗೆ ಅಷ್ಟು ಆಳ ಎಲ್ಲಿಂದ ಬರ್ಬೇಕು, ಕೆಳಗೆ ನೀರು ನಿಂತಿದ್ರೆ ಅದು ಹೆಪ್ಪುಗಟ್ಟಿ ಉಬ್ಬಿ ಪ್ಯಾಡ್ ಎತ್ತುತ್ತೆ, ಕರಗಿದಾಗ ಇಳಿಸುತ್ತೆ. ಅದಕ್ಕೇ ಮೊದಲ ಕೆಲಸ ಗಟರ್ ಪೈಪ್ ಉದ್ದ ಮಾಡಿ ನೀರು ದೂರ ಬಿಟ್ಟಿದ್ದು. ಖರ್ಚು ಕಮ್ಮಿ, ಉಪಯೋಗ ಎಲ್ಲಕ್ಕಿಂತ ಜಾಸ್ತಿ.

ಅಳತೆಗೆ ಊರಿನ ಪದ್ಧತೀನೇ ಹಿಡಿದೆ, ಉದ್ದದ ಪಾರದರ್ಶಕ ಪೈಪ್‌ಗೆ ನೀರು ತುಂಬಿ ಲೆವೆಲ್ ಹಿಡಿಯೋದು. ಒಳಗೆ ಗಾಳಿ ಗುಳ್ಳೆ ಇರಬಾರ್ದು, ಅಷ್ಟು ನೋಡ್ಕೊಂಡ್ರೆ ಸಾಕು. ನಾಲ್ಕೂ ಮೂಲೆ, ನಡುಮಧ್ಯ ಎಲ್ಲಾ ಗುರುತು ಮಾಡಿ. ಆಮೇಲೆ 8 ಅಡಿ ಅಲ್ಯೂಮಿನಿಯಂ ಪಟ್ಟಿ ಅಡ್ಡ ಇಟ್ಟು ಕೆಳಗೆ ಬೆಳಕು ಎಲ್ಲಿ ಕಾಣುತ್ತೆ ನೋಡಿ, ತಗ್ಗೆಲ್ಲಾ ಸಿಗುತ್ತೆ.

ತುಂಬಾ ಜನ ಕೊಡೋ ಸಲಹೆ ಅಂದ್ರೆ ತಗ್ಗಿನ ಮೂಲೆ ಕೆಳಗೆ ಮರದ ಚಕ್ಕೆನೋ ಟೈಲ್ ತುಂಡೋ ಸಿಗಿಸಿಬಿಡಿ ಅಂತ. ದಯವಿಟ್ಟು ಬೇಡ. ಎರಡು ಟನ್ ಭಾರ ನಾಲ್ಕು ತುಂಡಿನ ಮೇಲೆ ನಿಲ್ಲುತ್ತೆ, ನಡುವೆ ಆಧಾರನೇ ಇರಲ್ಲ, ಟಬ್ ಚೌಕಟ್ಟು ತಿರುಚಿಕೊಂಡು ಆಕ್ರಿಲಿಕ್ ಶೆಲ್ ಬಿರುಕು ಬಿಡಬಹುದು. ವಾರಂಟಿ ಪೇಪರ್ ಓದಿ, ಕೆಳಗಿನ ಆಧಾರ ಸರಿ ಇಲ್ದೆ ಆದ ಹಾನಿಗೆ ಸಾಮಾನ್ಯವಾಗಿ ದುಡ್ಡು ಕೊಡಲ್ಲ.

ಅಲ್ಲಲ್ಲಿ ಉಬ್ಬು ಮಾತ್ರ ಇದ್ರೆ ಡೈಮಂಡ್ ಕಪ್ ವೀಲ್ ಹಾಕಿ ಗ್ರೈಂಡ್ ಮಾಡಿದ್ರೆ ಸಾಕು, ಆದ್ರೆ ಆ ಧೂಳಲ್ಲಿ ಸಿಲಿಕಾ ಇರುತ್ತೆ, ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡುತ್ತೆ, ಒಳ್ಳೇ ಮಾಸ್ಕ್ ಮತ್ತೆ ವ್ಯಾಕ್ಯೂಮ್ ಇಲ್ದೆ ಕೈ ಹಾಕ್ಬೇಡಿ. ಸುರಿದ್ರೆ ತಾನೇ ಮಟ್ಟವಾಗೋ ಸೆಲ್ಫ್ ಲೆವೆಲಿಂಗ್ ಕಾಂಪೌಂಡ್ ಅಂತ ಸಿಗುತ್ತೆ, ಅದ್ರಲ್ಲಿ ಬಹಳಷ್ಟು ಮನೆಯೊಳಗಿನ ನೆಲಕ್ಕೆ ಮಾತ್ರ, ಚೀಲದ ಮೇಲೆ ಹೊರಗಡೆಗೂ ಆಗುತ್ತೆ ಅಂತ ಬರೆದಿದ್ರೆ ಮಾತ್ರ ತಗೊಳ್ಳಿ. ನಮಗೆ ಇವೆರಡೂ ಸಾಲ್ತಿರ್ಲಿಲ್ಲ.

ಕುಸಿದ ಮೂಲೆಗೆ ಪಾಲಿಯುರೆಥೇನ್ ಫೋಮ್ ಮಾಡಿಸಿದ್ವಿ. ಕಾಂಕ್ರೀಟ್‌ನಲ್ಲಿ ಚಿಕ್ಕ ತೂತು ಕೊರೆದು ಕೆಳಗೆ ಫೋಮ್ ಬಿಡ್ತಾರೆ, ಅದು ಉಬ್ಬಿ ಖಾಲಿ ಜಾಗ ತುಂಬಿ ಸ್ಲ್ಯಾಬ್‌ನ ನಿಧಾನಕ್ಕೆ ಎತ್ತುತ್ತೆ, ನಿಂತು ನೋಡೋಕೆ ಬಹಳ ಚೆನ್ನಾಗಿರುತ್ತೆ. ಮಣ್ಣು ಮತ್ತೆ ಸಿಮೆಂಟ್ ರಾಡಿ ಪಂಪ್ ಮಾಡೋ ಹಳೇ ವಿಧಾನವೂ ಇದೆ, ಅದಕ್ಕೆ ತೂತು ದೊಡ್ಡದು, ಭಾರವೂ ಜಾಸ್ತಿ.

ವಾಟ ಸರಿ ಮಾಡೋಕೆ ಟಬ್ ಜಾಗದಲ್ಲಿ ಮಾತ್ರ 8 ಅಡಿ ಚೌಕ ಸುತ್ತ ಹಲಗೆ ಬಡಿದು ಮೇಲೊಂದು ಪದರ ಹಾಕಿದ್ವಿ. ಎತ್ತರದ ಕಡೆ 2 ಇಂಚು, ತಗ್ಗಿನ ಕಡೆ 4 ಇಂಚು. ಎತ್ತರದ ಕಡೆ ಸೊನ್ನೆಗೆ ತಂದು ಮುಗಿಸಿದ್ರೆ ಸಿಮೆಂಟ್ ಉಳಿಯುತ್ತೆ ನಿಜ, ಆದ್ರೆ ಆ ತೆಳು ಅಂಚು ಇಲ್ಲಿನ ಚಳಿಗೆ ಚಕ್ಕೆ ಚಕ್ಕೆಯಾಗಿ ಏಳುತ್ತೆ. ಲೆಕ್ಕಕ್ಕೆ 16 ಘನ ಅಡಿ, 80 ಪೌಂಡ್ ಚೀಲ ಒಂದಕ್ಕೆ 0.6 ಘನ ಅಡಿ ಬರುತ್ತೆ, ಅಂದ್ರೆ 27 ಚೀಲ, ಸ್ವಲ್ಪ ಜಾಸ್ತೀನೇ ತಂದಿಟ್ಕೊಳ್ಳಿ, ಅರ್ಧಕ್ಕೆ ನಿಲ್ಲಿಸಿ ಅಂಗಡಿಗೆ ಓಡೋ ಕೆಲಸ ಅಲ್ಲ ಇದು. ಮಿಕ್ಸ್ ತಗೊಳ್ಳೋವಾಗ ಹಿಮ ತಡೆಯೋ ಥರದ್ದು, ಅಂದ್ರೆ ಸಣ್ಣ ಸಣ್ಣ ಗಾಳಿಗುಳ್ಳೆ ಸೇರೋ ಏರ್ ಎಂಟ್ರೇನ್ಡ್ ಮಿಕ್ಸ್ ಕೇಳಿ.

ಹಳೇ ಕಾಂಕ್ರೀಟ್ ಮೇಲೆ ಹೊಸದು ಹಿಡ್ಕೊಳ್ಳೋದು ಮೇಲ್ಮೈ ಒರಟಾಗಿದ್ರೆ ಮಾತ್ರ. ಕಚ್ಚು ಹಾಕಿ, ಧೂಳು ಪೂರ್ತಿ ತೊಳೆದು, ಹಿಂದಿನ ರಾತ್ರಿಯಿಂದ ನೆನೆಸಿ, ಬೆಳಿಗ್ಗೆ ನಿಂತ ನೀರು ಒರೆಸಿ, ಸಿಮೆಂಟ್‌ನ ನೀರಲ್ಲಿ ಗಟ್ಟಿಯಾಗಿ ಕಲಸಿ ಬ್ರಷ್‌ನಲ್ಲಿ ತಿಕ್ಕಿ, ಅದು ಒಣಗೋಕೆ ಮುಂಚೆ ಕಾಂಕ್ರೀಟ್ ಸುರೀಬೇಕು. ಆಮೇಲೆ ಹಲಗೆ ಮೇಲೆ ಪಟ್ಟಿ ಎಳೆದು ಮಟ್ಟ ಮಾಡಿದ್ದು. ಮೇಲೆ ಒದ್ದೆ ಗೋಣಿಚೀಲ ಥರದ ಬಟ್ಟೆ ಮುಚ್ಚಿ ಒಂದು ವಾರ ಒಣಗದ ಹಾಗೆ ನೋಡ್ಕೊಂಡ್ವಿ, ಪೂರ್ತಿ ಬಲ ಬರೋಕೆ 28 ದಿನ ಅಂತ ಲೆಕ್ಕ, ಟಬ್ ಡೆಲಿವರೀನ ಅದಕ್ಕೆ ತಕ್ಕ ಹಾಗೆ ಮುಂದಕ್ಕೆ ಹಾಕ್ಸಿದ್ವಿ.

ಕರೆಂಟ್ ಕೆಲಸ ಲೈಸೆನ್ಸ್ ಇರೋ ಎಲೆಕ್ಟ್ರಿಶಿಯನ್‌ಗೇ ಬಿಡಿ. 240 ವೋಲ್ಟ್ ಪ್ರತ್ಯೇಕ ಲೈನ್, ಕರೆಂಟ್ ಸೋರಿದ್ರೆ ತಕ್ಷಣ ಕಟ್ ಮಾಡೋ ಜಿಎಫ್‌ಸಿಐ ಬ್ರೇಕರ್ ಬೇಕು, ಆಫ್ ಮಾಡೋ ಸ್ವಿಚ್ ಟಬ್‌ನಿಂದ ಕಣ್ಣಿಗೆ ಕಾಣೋ ಹಾಗೆ, ಆದ್ರೆ ನೀರಿಂದ ಕನಿಷ್ಠ 5 ಅಡಿ ದೂರ ಇರ್ಬೇಕು. ಕೇಬಲ್‌ಗೆ ನೆಲ ಅಗೆಯೋದಾದ್ರೆ ಮುಂಚೆ 811ಕ್ಕೆ (ಅಗೆಯೋ ಮುಂಚೆ ಕರೆಯೋಕೆ ಇಲ್ಲಿರೋ ನಂಬರ್) ಫೋನ್ ಮಾಡಿ, ಗ್ಯಾಸ್ ಪೈಪ್ ಎಲ್ಲಿದೆ ಅಂತ ಫ್ರೀಯಾಗಿ ಬಂದು ಗುರುತು ಹಾಕಿ ಹೋಗ್ತಾರೆ.

ಟಬ್ ಈಗ ತುಂಬಿದೆ, ಅಂಚಿಂದ ನೀರಿಗೆ ನಾಲ್ಕೂ ಕಡೆ ಟೇಪ್ ಹಿಡಿದ್ರೆ ಒಂದೇ ಅಳತೆ ಬರ್ತಿದೆ. ಈ ಚಳಿಗಾಲ ಮುಗಿದು ನೆಲ ಕರಗಿದ ಮೇಲೆ ಏಪ್ರಿಲ್‌ನಲ್ಲಿ ಇನ್ನೊಂದ್ಸಲ ಅಳೀಬೇಕು, ಅಷ್ಟರಲ್ಲಿ ಮಿಶಿಗನ್, ವಿಸ್ಕಾನ್ಸಿನ್ ಕಡೆ ಇರೋವ್ರು ಯಾರಾದ್ರೂ ಫೋಮ್ ಹಾಕ್ಸಿ ನಾಲ್ಕೈದು ವರ್ಷ ಆಗಿದ್ರೆ ಈಗ ಹೇಗಿದೆ ಅಂತ ದಯವಿಟ್ಟು ತಿಳಿಸಿ.