ಗುಂಯ್ ಅನ್ನುವ ಸದ್ದಿನ ಬೆನ್ನು ಹತ್ತಿ

ಭಾನುವಾರ, 13 ಜುಲೈ 2025
ಸರಸ್ವತಿಪುರಂ, ಮೈಸೂರು

ಇವತ್ತು ರಾತ್ರಿ ಹತ್ತೂವರೆಗೆ ನನ್ನ ಮೊದಲ ಪೂರ್ತಿ ರೆಕಾರ್ಡಿಂಗ್ ಮುಗಿಯಿತು. ಒಂದು ನಿಮಿಷ ನಲವತ್ತು ಸೆಕೆಂಡು. ಎರಡು ಎಲೆಕ್ಟ್ರಿಕ್ ಗಿಟಾರ್, ಅಷ್ಟೇ. ಹಾಡು ಇಲ್ಲ, ಡ್ರಮ್ಸ್ ಇಲ್ಲ. ತುಂಬಾ ಖುಷಿ ಆಗಿದೆ. ಮೂರು ವಾರದಿಂದ ಇದಕ್ಕೇ ಕೂತಿದ್ದೆ. ನುಡಿಸಿದ್ದಕ್ಕಿಂತ ಜಾಸ್ತಿ ಹೊತ್ತು ಹೋಗಿದ್ದು ಒಂದು ಸದ್ದು ಎಲ್ಲಿಂದ ಬರ್ತಿದೆ ಅಂತ ಹುಡುಕುವುದಕ್ಕೆ. ಮರೆತು ಹೋಗುವ ಮೊದಲು ಬರೆದಿಡುತ್ತೇನೆ, ಮನೆಯಲ್ಲೇ ರೆಕಾರ್ಡ್ ಮಾಡಲು ಹೊರಟ ಬೇರೆಯವರಿಗೂ ಉಪಯೋಗಕ್ಕೆ ಬರಬಹುದು.

ಶುರು ಮಾಡಿದ್ದು ತಪ್ಪು ದಾರಿಯಲ್ಲಿ. ಗಿಟಾರ್ ಕೇಬಲ್ಲಿನ ತುದಿಗೆ ಸಣ್ಣ ಪಿನ್ ಸಿಕ್ಕಿಸಿ ನೇರವಾಗಿ ಲ್ಯಾಪ್‌ಟಾಪಿನ ಮೈಕ್ ಜ್ಯಾಕಿಗೆ ಹಾಕಿದ್ದೆ. ಪಿನ್ ಕೊಟ್ಟ ಅಂಗಡಿಯವರು "ಆರಾಮಾಗಿ ಬರತ್ತೆ ತಗೊಳ್ಳಿ ಸರ್" ಅಂದಿದ್ದರು. ಸದ್ದು ಬಂತು, ಆದರೆ ನೆಗಡಿಯಾದವರ ದನಿಯ ಹಾಗೆ ಮೂಗು ಕಟ್ಟಿಕೊಂಡು ಬಂತು. ಕಾರಣ ಆಮೇಲೆ ಗೊತ್ತಾಯಿತು. ಗಿಟಾರಿನ ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ್ದು, ಅದರಿಂದ ಹೊರಡುವ ಕರೆಂಟು ತೀರಾ ಕಮ್ಮಿ, ಆ ಕಡೆ ಇರುವ ಇನ್‌ಪುಟ್ ಅದನ್ನು ಜಾಸ್ತಿ ಎಳೆದುಕೊಂಡರೆ ಮೊದಲು ಸಾಯುವುದು ಮೇಲಿನ ಸ್ವರಗಳ ಹೊಳಪು. ಗಿಟಾರಿಗೆ ಸುಮಾರು 10 ಲಕ್ಷ ಓಮ್ ತಡೆ ಇರುವ ಇನ್‌ಪುಟ್ ಬೇಕು. ಮೈಕ್ ಇನ್‌ಪುಟ್‌ನಲ್ಲಿ ಅದು ಕೆಲವೇ ಸಾವಿರ ಇರುತ್ತದೆ. ಗಿಟಾರನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಡಬ್ಬಿ, ಅಂದರೆ ಆಡಿಯೋ ಇಂಟರ್‌ಫೇಸಿನಲ್ಲಿ 'ಇನ್‌ಸ್ಟ್' (ಇನ್‌ಸ್ಟ್ರುಮೆಂಟ್) ಅಂತ ಒಂದು ಬಟನ್ ಇರುತ್ತಲ್ಲ, ಅದು ಇರುವುದು ಇದಕ್ಕೇ. ನಾನು ತಗೊಂಡಿದ್ದು ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ. ಆ ಬಟನ್ ಒತ್ತಿದ ಕ್ಷಣ ನನ್ನ ಗಿಟಾರಿನ ದನಿ ನನಗೆ ಗುರುತು ಸಿಕ್ಕಿತು.

ಆಂಪ್ (ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡುವ ಆಸೆ ಇತ್ತು. ಆದರೆ ಪಕ್ಕದ ಮನೆಗೂ ನಮಗೂ ಒಂದೇ ಗೋಡೆ, ಅಲ್ಲಿ ಪುಟ್ಟ ಮಗು ಇದೆ. ಹಾಗಾಗಿ ಆಂಪ್ ಕೂಡ ಲ್ಯಾಪ್‌ಟಾಪ್ ಒಳಗೇ. ರೆಕಾರ್ಡ್ ಮಾಡೋಕೆ ರೀಪರ್ ಅನ್ನುವ ಸಾಫ್ಟ್‌ವೇರ್, ಅದನ್ನು 60 ದಿನ ದುಡ್ಡಿಲ್ಲದೆ ಬಳಸಿ ನೋಡಬಹುದು. ಆಂಪಿನ ಸದ್ದಿಗೆ ನ್ಯೂರಲ್ ಆಂಪ್ ಮಾಡೆಲರ್, ಅದು ಪೂರ್ತಿ ಉಚಿತ. ಅದಾದ ಮೇಲೆ ಸ್ಪೀಕರ್ ಪೆಟ್ಟಿಗೆಯ ಸದ್ದಿನ ಗುಣ ಹಿಡಿದಿಟ್ಟ ಒಂದು ಐಆರ್ ಫೈಲ್ ಹಾಕಲೇಬೇಕು. ಅದಿಲ್ಲದಿದ್ದರೆ ಜೇನುಹುಳ ಕಿವಿಯೊಳಗೆ ಹೊಕ್ಕ ಹಾಗಿರುತ್ತದೆ. ನನ್ನ ಹೆಡ್‌ಫೋನಿನಲ್ಲಿ ದೊಡ್ಡ ಆಂಪ್ ಗುಡುಗುತ್ತಿದ್ದರೆ ಮನೆಯಲ್ಲಿ ಉಳಿದವರಿಗೆ ಕೇಳಿಸುವುದು ಬರೀ ತಂತಿಯ ಟಿಕ್ ಟಿಕ್.

ಬಫರ್, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕುಗಳ (ಸ್ಯಾಂಪಲ್) ಲೆಕ್ಕ, ಅದರ ವಿಷಯ ಬೇಗ ಹೇಳಿಬಿಡುತ್ತೇನೆ. ಮೊದಲು 1024 ಸ್ಯಾಂಪಲ್ ಇತ್ತು. ಸೆಕೆಂಡಿಗೆ 48,000 ಸ್ಯಾಂಪಲ್ ದರದಲ್ಲಿ ಅದು 21 ಮಿಲಿಸೆಕೆಂಡು ತಡ, ಅಂದರೆ ಏಳು ಮೀಟರ್ ದೂರದಲ್ಲಿ ಆಂಪ್ ಇಟ್ಟು ನುಡಿಸಿದ ಹಾಗೆ, ಅದೂ ಒಳಗೆ ಹೋಗುವ ದಾರಿಗೆ ಮಾತ್ರ. ಕೈ ಒಂದು ಕಡೆ, ಕಿವಿ ಒಂದು ಕಡೆ. 128ಕ್ಕೆ ಇಳಿಸಿದೆ, ಮೂರು ಮಿಲಿಸೆಕೆಂಡಿಗಿಂತ ಕಮ್ಮಿ ಆಯಿತು. ಇಂಟರ್‌ಫೇಸ್ ಕಂಪನಿಯವರೇ ಕೊಡುವ ಆಸಿಯೋ ಡ್ರೈವರ್ (ವಿಂಡೋಸ್‌ನಲ್ಲಿ ಈ ತಡ ಕಮ್ಮಿ ಮಾಡುವ ಸಾಫ್ಟ್‌ವೇರ್) ಹಾಕಿಕೊಳ್ಳಿ.

ಇನ್ನು ಆ ಸದ್ದು. ನನ್ನದು ಮೂರು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಇರುವ ಸೆಕೆಂಡ್ ಹ್ಯಾಂಡ್ ಗಿಟಾರ್. ಗೇನ್ (ಸದ್ದು ಹಿಗ್ಗಿಸುವ ಪ್ರಮಾಣ) ಸ್ವಲ್ಪ ಏರಿಸಿದರೆ ಸಾಕು, ಸ್ವರ ನಿಂತ ಕೂಡಲೇ ಗುಂಯ್ ಅಂತ ಒಂದು, ಅದರ ಮೇಲೆ ಜ್ರ್ರ್ ಅಂತ ಇನ್ನೊಂದು. ಈಕ್ವಲೈಜರಿನಲ್ಲಿ ಆ ಸ್ವರಮಟ್ಟ ಮಾತ್ರ ಕತ್ತರಿಸಿದರೆ ಆಯಿತಲ್ಲ ಅಂದುಕೊಂಡೆ. ಆಗಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಅದರ ಎರಡರಷ್ಟು 100, ಗುಂಯ್ ಬರುವುದು ಈ ಕಂಪನಗಳಲ್ಲೇ. ದಪ್ಪ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 98. ಗುಂಯ್ ತೆಗೆಯಲು ಹೋದರೆ ಸ್ವರವೂ ಜೊತೆಗೇ ಹೋಗುತ್ತದೆ. ನಾಯ್ಸ್ ಗೇಟ್ (ಸದ್ದು ಸಣ್ಣದಾದ ಕೂಡಲೇ ಮುಚ್ಚಿಬಿಡುವ ಸಾಧನ) ಹಾಕಿದರೆ ಉದ್ದಕ್ಕೆ ಬಿಟ್ಟ ಸ್ವರದ ಬಾಲ ಕತ್ತರಿಸಿ ಬೀಳುತ್ತದೆ, ಮತ್ತು ನುಡಿಸುವಾಗ ಒಳಗೆ ಗಲೀಜು ಇದ್ದೇ ಇರುತ್ತದೆ. ಹುಟ್ಟುವ ಜಾಗದಲ್ಲೇ ನಿಲ್ಲಿಸಬೇಕು, ಬೇರೆ ದಾರಿ ಇಲ್ಲ.

ಇವತ್ತು ಮಧ್ಯಾಹ್ನ ಊಟ ಆದ ಮೇಲೆ ಹಠ ಹಿಡಿದು ಕೂತೆ. ಗಿಟಾರ್ ವಾಲ್ಯೂಮ್ ಪೂರ್ತಿ, ಕೈ ತಂತಿಯ ಮೇಲೆ, ಹೆಡ್‌ಫೋನ್ ಕಿವಿಗೆ. ಒಂದೊಂದೇ ಆಫ್ ಮಾಡುತ್ತಾ ಹೋದೆ. ಟ್ಯೂಬ್‌ಲೈಟ್ ಆರಿಸಿದೆ, ಏನೂ ಬದಲಾಗಲಿಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತೆ, ಒಂದು ಸಣ್ಣ ಕೀಚಲು ನಿಂತಿತು. ಆಮೇಲೆ ಫ್ಯಾನ್ ರೆಗ್ಯುಲೇಟರ್ ಮೇಲೆ ಕೈ ಇಟ್ಟೆ. ನಮ್ಮದು ನಂಬರ್ ಇಲ್ಲದ, ನಯವಾಗಿ ತಿರುಗುವ ಜಾತಿಯದು. ಅರ್ಧಕ್ಕೆ ತಂದರೆ ಜ್ರ್ರ್ ಜೋರಾಯಿತು, ಪೂರ್ತಿ ಏರಿಸಿದರೆ ಹೆಚ್ಚುಕಮ್ಮಿ ಮಾಯ! ಆಫ್ ಮಾಡಿದೆ, ಪೂರ್ತಿ ಹೋಯಿತು. ಈ ಥರದ ರೆಗ್ಯುಲೇಟರ್ ಕರೆಂಟಿನ ಪ್ರತಿ ಅಲೆಯನ್ನೂ ಮಧ್ಯಕ್ಕೆ ಕತ್ತರಿಸಿ ಫ್ಯಾನಿಗೆ ಕೊಡುತ್ತದೆ, ಆ ಕತ್ತರಿಯ ಏಟು ವೈರಿನಿಂದ ಹೊರಗೆ ಹರಡಿ ಪಿಕಪ್ಪಿಗೆ ಬಂದು ಬೀಳುತ್ತಿತ್ತು. ಹಂತ ಹಂತವಾಗಿ ಟಕ್ ಟಕ್ ಅನ್ನುವ ಕೆಪಾಸಿಟರ್ ರೆಗ್ಯುಲೇಟರಿನಲ್ಲಿ ಈ ತೊಂದರೆ ಇರುವುದಿಲ್ಲ.

ಅಷ್ಟರಲ್ಲಿ ಅಮ್ಮ ಬಾಗಿಲಲ್ಲಿ. "ಫ್ಯಾನ್ ಯಾಕೋ ಆರಿಸಿದ್ದೀಯ, ಸೆಕೆ ಆಗಲ್ವಾ?" ಆಷಾಢದ ಗಾಳಿ ಇದೆಯಲ್ಲಮ್ಮ, ಕಿಟಕಿ ತೆಗಿ ಅಂದೆ.

ಗುಂಯ್ ಮಾತ್ರ ಇನ್ನೂ ಉಳಿದಿತ್ತು. ಕಿಟಕಿಗೆ ಜಾಗ ಬಿಡೋಣ ಅಂತ ಕುರ್ಚಿ ಸಮೇತ ತಿರುಗಿದೆ ನೋಡಿ, ಸದ್ದು ಇಳಿಯಿತು. ಇನ್ನಷ್ಟು ತಿರುಗಿದೆ, ಮತ್ತೆ ಏರಿತು. ಹಿಂದೆ ಬಂದೆ, ಇಳಿಯಿತು. ಪಿಕಪ್ ಅಂದರೆ ಒಂದು ಸುರುಳಿ ತಾನೇ, ಕರೆಂಟಿನ ಕಾಂತಕ್ಷೇತ್ರಕ್ಕೆ ಅದರ ಮುಖ ಅಡ್ಡಲಾಗಿದ್ದರೆ ತುಂಬಿಕೊಳ್ಳುತ್ತದೆ, ಓರೆಯಾದರೆ ಬಿಟ್ಟುಬಿಡುತ್ತದೆ. ಒಂದೊಂದೇ ಬೆರಳಗಲ ಸರಿಯುತ್ತಾ ಹೋದಾಗ ಒಂದು ಜಾಗದಲ್ಲಿ ಹೆಡ್‌ಫೋನ್ ಖಾಲಿ ಆಯಿತು. ಹೊರಗೆ ತೆಂಗಿನ ಗರಿ ಅಲ್ಲಾಡುವುದು ಕೇಳಿಸುವಷ್ಟು ಖಾಲಿ. ಉಸಿರು ಹಿಡಿದು ಕೂತಿದ್ದೆ. ಎದ್ದು ದೇವರ ಮನೆಯಿಂದ ಸೀಮೆಸುಣ್ಣ ತಂದು ಕುರ್ಚಿಯ ನಾಲ್ಕೂ ಕಾಲಿನ ಸುತ್ತ ಕೆಂಪು ನೆಲದ ಮೇಲೆ ಗೆರೆ ಎಳೆದೆ.

ಆಮೇಲೆ ಎಲ್ಲ ಸಲೀಸು. ಎಷ್ಟು ಜೋರಾಗಿ ಹೊಡೆದರೂ ಮೀಟರ್ ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಇಟ್ಟುಕೊಂಡೆ. 24 ಬಿಟ್‌ನಲ್ಲಿ ಸಣ್ಣ ಸದ್ದನ್ನೂ ಚೊಕ್ಕವಾಗಿ ಹಿಡಿಯಲು ಜಾಗ ಬೇಕಾದಷ್ಟಿದೆ, ಕೆಂಪು ಗೆರೆ ಮುಟ್ಟಿಸುವ ಅಗತ್ಯವೇ ಇಲ್ಲ. ಟ್ರ್ಯಾಕಿನಲ್ಲಿ ಉಳಿಯುವುದು ಆಂಪ್ ಇಲ್ಲದ ಒಣ ಸದ್ದು, ನಾಳೆ ಬೇರೆ ಆಂಪ್ ಬೇಕೆನಿಸಿದರೆ ಬದಲಿಸಬಹುದು. ಗುಂಯ್ ಒಳಗೆ ಸೇರಿಕೊಂಡಿದ್ದರೆ ಯಾವ ಆಂಪ್ ಹಾಕಿದರೂ ಅದು ಬರುತ್ತಿತ್ತು.

ಎಡಕ್ಕೊಂದು ಬಲಕ್ಕೊಂದು ಗಿಟಾರ್ ಬೇಕಿತ್ತು. ಒಂದನ್ನೇ ಕಾಪಿ ಮಾಡಿ ಎರಡೂ ಕಡೆ ಇಟ್ಟು ನೋಡಿದೆ, ಮಧ್ಯದಲ್ಲೇ ಜೋರಾಗಿ ಕೇಳಿಸಿತು ಅಷ್ಟೇ. ನಿಜವಾಗಿ ಎರಡು ಸಲ ನುಡಿಸಬೇಕು, ಆ ಕೂದಲೆಳೆಯ ವ್ಯತ್ಯಾಸದಿಂದಲೇ ಅಗಲ ಹುಟ್ಟುವುದು. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1940ರ ದಶಕದಲ್ಲಿ ಹಾಲಿವುಡ್‌ನ ಮನೆ ಗ್ಯಾರೇಜಿನಲ್ಲಿ ಒಂದು ಡಿಸ್ಕಿಗೆ ನುಡಿಸಿ, ಅದನ್ನು ಹಾಕಿಕೊಂಡು ಜೊತೆಗೆ ನುಡಿಸುತ್ತಾ ಇನ್ನೊಂದು ಡಿಸ್ಕಿಗೆ ಇಳಿಸಿ, ಹೀಗೆ ಪದರ ಪದರ ಕಟ್ಟುತ್ತಿದ್ದ. ನಡುವೆ ತಪ್ಪಿದರೆ ಆ ಪದರ ಮತ್ತೆ ಮೊದಲಿಂದ. ನನಗೆ ಎಡದ್ದು ಆರನೇ ಟೇಕಿಗೆ ಸಿಕ್ಕಿತು, ಬಲದ್ದು ಹದಿನಾಲ್ಕನೆಯದಕ್ಕೆ. ಪ್ರತಿ ಸಲ ಶ್ರುತಿ ನೋಡಿಕೊಂಡೆ.

ನಾಳೆ ಸಂಜೆ ಟಕ್ ಟಕ್ ರೆಗ್ಯುಲೇಟರ್ ತರಬೇಕು. ಬೆಳಿಗ್ಗೆ ನೆಲ ಒರೆಸುವಾಗ ಆ ನಾಲ್ಕು ಗೆರೆ ಬಿಟ್ಟು ಒರೆಸು ಅಂತ ಅಮ್ಮನಿಗೆ ಹೇಳಿ ಬಂದೆ.