ಮೇಲಿನ ಸಾಲಿನ ಹೊಳಪು ಕೊನೆಗೂ ಹೋಯಿತು

ನಾನು ಕಟ್ಟುತ್ತಿರುವ ಪುಟ್ಟ ಚಿತ್ರಶಾಲೆಯ ಮಾದರಿಯಲ್ಲಿ, ಮೇಲಿನ ಸಾಲಿನ ಚಿತ್ರಗಳ ಮೇಲೆ ಮೂರು ವಾರದಿಂದ ಕಾಡುತ್ತಿದ್ದ ಹೊಳಪು ಇವತ್ತು ಬೆಳಿಗ್ಗೆ ಹೋಯಿತು. ಖುಷಿಯಲ್ಲಿ ಮೊದಲು ಇದನ್ನೇ ಬರೆಯುತ್ತಿದ್ದೇನೆ.

ಗೋಡೆ, ಕಮಾನು, ನೆಲದ ಕೆಲಸ ನಿಮಗೆಲ್ಲ ಗೊತ್ತಿದ್ದದ್ದೇ, ಬಿಟ್ಟುಬಿಡುತ್ತೇನೆ. ಮಾದರಿ 1:24, ಅಂದರೆ ಎಲ್ಲ ಅಳತೆಯೂ ನಿಜದ 24ನೇ ಒಂದು ಭಾಗ. ಲಂಡನ್ನಿನ ಡಲ್ವಿಚ್ ಪಿಕ್ಚರ್ ಗ್ಯಾಲರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಕೋಣೆ ಇದು. ಅದರ ವಾಸ್ತುಶಿಲ್ಪಿ ಜಾನ್ ಸೋನ್ ಅಲ್ಲಿ ಬೆಳಕನ್ನು ಚಾವಣಿಯಿಂದ ಇಳಿಸಿ, ಗೋಡೆಯನ್ನೆಲ್ಲ ಚಿತ್ರಗಳಿಗೆ ಬಿಟ್ಟುಕೊಟ್ಟ. 1817ರಲ್ಲಿ ಜನರಿಗೆ ತೆರೆದ ಕಟ್ಟಡ, ಇವತ್ತಿಗೂ ಅದರಿಂದ ಕಲಿಯುವುದಿದೆ. ಅಂಥ ಹಳೆಯ ಕೋಣೆಗೆ ಹೊಸ ಪ್ರದರ್ಶನ ಹೇಗೆ ಕೂರಿಸಬಹುದು ಎಂದು ನೋಡುವುದೇ ನನ್ನ ಕೆಲಸ. ಹಳೆ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬಾರದು, ಚಿತ್ರಗಳು ಎರಡು ಸಾಲಿನಲ್ಲಿ ಇರಬೇಕು. ನಾನೇ ಹಾಕಿಕೊಂಡ ಷರತ್ತು ಇಷ್ಟೇ.

ಕೆಳಗಿನ ಸಾಲು ಚೆನ್ನಾಗಿಯೇ ಕಾಣುತ್ತಿತ್ತು. ಮೇಲಿನ ಸಾಲಿನಲ್ಲಿ ಮಾತ್ರ ಮುಖಗಳೇ ಇಲ್ಲ, ಬರೀ ಬಿಳಿ ಪಟ್ಟಿ. ವಾರ್ನಿಷ್ ಮೇಲೆ ಚಾವಣಿಯ ಕಿಟಕಿ ಪ್ರತಿಫಲಿಸುತ್ತಿತ್ತು. ಫೋನನ್ನು ತಲೆಕೆಳಗು ಮಾಡಿ, ಕ್ಯಾಮೆರಾ ಮಾದರಿಯ ನೆಲದಿಂದ 6.5 ಸೆಂಟಿಮೀಟರ್ ಎತ್ತರದಲ್ಲಿ ಬರುವ ಹಾಗೆ ಹಿಡಿದರೆ ನೋಡುವವರ ಕಣ್ಣಿನ ಎತ್ತರ ಸಿಗುತ್ತದೆ. ಮಾದರಿ ಚಿಕ್ಕದಾದರೂ ಬೆಳಕಿನ ಕೋನ ಬದಲಾಗುವುದಿಲ್ಲ. ಇಲ್ಲಿ ಕಂಡ ಹೊಳಪು ನಿಜವಾದ ಕೋಣೆಯಲ್ಲೂ ಕಾಣುತ್ತದೆ.

ದಾರಿ ಹಳೆಯದೇ: ಚಿತ್ರದ ಮೇಲಂಚನ್ನು ಮುಂದಕ್ಕೆ ಬಾಗಿಸುವುದು. ಚಿತ್ರ 1 ಡಿಗ್ರಿ ಬಾಗಿದರೆ ಪ್ರತಿಬಿಂಬ 2 ಡಿಗ್ರಿ ಸರಿಯುತ್ತದೆ. ಗೋಡೆಯ ಮೇಲ್ಭಾಗದ ಪಟ್ಟಿಯಿಂದ ದಾರದಲ್ಲಿ ಇಳಿಬಿಟ್ಟು, ಚೌಕಟ್ಟಿನ ಹಿಂದೆ ದಾರ ಕಟ್ಟುವ ಬಳೆಯನ್ನು ಸ್ವಲ್ಪ ಕೆಳಗೆ ಹಾಕಿದರೆ ಚಿತ್ರ ತಾನೇ ಬಾಗುತ್ತದೆ. ಆದರೆ ನನ್ನದು ಬಾಗಲೇ ಇಲ್ಲ! ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಅಳತೆ 24 ಪಟ್ಟು ಇಳಿದರೆ ತೂಕ 13,824 ಪಟ್ಟು ಇಳಿಯುತ್ತದೆ. ಅಷ್ಟು ಹಗುರದ ಚಿತ್ರ ದಾರವನ್ನು ನೆಟ್ಟಗೆ ಎಳೆಯುವುದಾದರೂ ಹೇಗೆ? ದಾರ ಬಿಟ್ಟು ತೆಳು ತಂತಿ ಬಗ್ಗಿಸಿ, ಬಣ್ಣ ಹಚ್ಚಿ ಹಾಕಿದೆ.

8 ಡಿಗ್ರಿಗೆ ಹೊಳಪು ಪೂರ್ತಿ ಮಾಯ. ಆದರೆ ಚೌಕಟ್ಟಿನ ನೆರಳು ಚಿತ್ರದಲ್ಲಿದ್ದ ಅಜ್ಜಿಯ ಹಣೆ ದಾಟಿ ಹುಬ್ಬಿನವರೆಗೆ ಬಂತು. ತೆಳು ಚೌಕಟ್ಟು ಹಾಕಿದರೆ ನೆರಳು ಹೋಗುತ್ತದೆ, ನಿಜ. ಆದರೆ ಮ್ಯೂಸಿಯಂನಲ್ಲಿ ಹಳೆ ಚೌಕಟ್ಟು ಚಿತ್ರದಷ್ಟೇ ಮುಖ್ಯ, ಅದನ್ನು ಬದಲಿಸುವುದು ಮೋಸ ಅಲ್ವಾ? ಹಾಗಾಗಿ 6 ಡಿಗ್ರಿಗೆ ಇಳಿಸಿ, ಇಡೀ ಮೇಲಿನ ಸಾಲನ್ನು 1 ಸೆಂಟಿಮೀಟರ್ ಕೆಳಗೆ ತಂದೆ, ಅಂದರೆ ನಿಜದಲ್ಲಿ 24 ಸೆಂಟಿಮೀಟರ್. ಕೆಳಗಿನ ಸಾಲಿಗೆ ಚಿಕ್ಕ ಚಿತ್ರಗಳನ್ನಷ್ಟೇ ಉಳಿಸಿಕೊಂಡೆ. ಗೋಡೆಯೂ ಈಗ ಜಾಸ್ತಿ ಆಪ್ತವಾಗಿ ಕಾಣುತ್ತಿದೆ.

ಮಾದರಿಯ ಗೋಡೆಗೆ ಬೋರ್ಡ್ ಕಳಿಸುವವರ ಬಗ್ಗೆ ಒಂದು ಮಾತು. ಮ್ಯಾಟ್, ಅಂದರೆ ಹೊಳಪಿಲ್ಲದ್ದು ಕೇಳಿದರೆ ಎರಡು ಸಲ ಗ್ಲಾಸಿ ಬಂತು. ಗೋಡೆಯೇ ಮಿಂಚಿದರೆ ಬೆಳಕಿನ ಪರೀಕ್ಷೆಗೆ ಅರ್ಥವೇ ಇಲ್ಲ. ವಾಪಸ್ ಕಳಿಸಿ ಕಾಯುವುದರಲ್ಲೇ ಹತ್ತು ದಿನ ಹೋಯಿತು. ಈ ಸಲ ಮೊದಲೇ ಒಂದು ತುಂಡು ತರಿಸಿಕೊಂಡು ನೋಡುತ್ತೇನೆ.

ಯಾಕೆಂದರೆ ಮುಂದಿನದು ಆಗಲೇ ತಲೆಯಲ್ಲಿ ಕೂತಿದೆ: ಇಟಲಿಯ ವೆರೋನಾದ ಕಾಸ್ಟೆಲ್‌ವೆಕ್ಕಿಯೊ ಮ್ಯೂಸಿಯಂ. ಹಳೆ ಕೋಟೆಯೊಳಗೆ ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪ ಮಾಡಿದ ಕೆಲಸ, 1964ರಲ್ಲಿ ಮುಗಿದದ್ದು. ಕೆಲವು ಚಿತ್ರಗಳನ್ನು ಆತ ಗೋಡೆಯಿಂದ ಬಿಡಿಸಿ, ಕೋಣೆಯ ನಡುವೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ. 1:12ರಲ್ಲಿ ಮಾಡಿದರೆ ಆ ಸ್ಟ್ಯಾಂಡಿನ ಕೀಲುಗಳನ್ನೂ ತೋರಿಸಬಹುದು. ಹಿತ್ತಾಳೆ ಪಟ್ಟಿ ಕೊಯ್ಯಲು ಸಣ್ಣ ಗರಗಸ ಹುಡುಕುತ್ತಿದ್ದೇನೆ.

ಅದಕ್ಕೂ ಮುಂಚೆ ಇಲ್ಲಿ ಪೂರ್ವದ ಗೋಡೆ ಬಾಕಿ ಇದೆ. ಹನ್ನೊಂದು ಚಿತ್ರ, ಇಪ್ಪತ್ತೆರಡು ತಂತಿ. ಮಧ್ಯಾಹ್ನದ ಬಿಸಿಲಿನಲ್ಲಿ ಇನ್ನೊಮ್ಮೆ ತಾರಸಿಗೆ ಒಯ್ದು ನೋಡಿದೆ. ಅಜ್ಜಿಯ ಎರಡೂ ಕಣ್ಣು ಕಾಣಿಸುತ್ತಿವೆ.