ಹಾಲು ತರಲು ಹೋದವನು

ನಿನ್ನೆ ಸಂಜೆ ಹಾಲು ತರಲು ಹೋದವನು ಮನೆ ಸೇರಿದ್ದು ಎರಡು ಗಂಟೆ ಬಿಟ್ಟು. ಇಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬೇಸಿಗೆ ಬಂತೆಂದರೆ ಯಾವುದೋ ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ಹಳೇ ಕಾರುಗಳು ಬಂದು ಸೇರುತ್ತವೆ. ಟಿಕೆಟ್ ಇಲ್ಲ, ಭಾಷಣ ಇಲ್ಲ. ಬಾನೆಟ್ ಎತ್ತಿಟ್ಟು, ಪಕ್ಕದಲ್ಲೇ ಮಡಿಸುವ ಕುರ್ಚಿ ಹಾಕಿಕೊಂಡು ಸುಮ್ನೆ ಕೂರುತ್ತಾರೆ.

1966ರ ಪಾಂಟಿಯಾಕ್ ಜಿಟಿಒ ಒಂದು ನಿಂತಿತ್ತು. 6.4 ಲೀಟರ್‌ನ, ಅಂದರೆ ಸುಮಾರು 6,400 ಸಿಸಿಯ ವಿ8 ಎಂಜಿನ್; ಎಂಟು ಸಿಲಿಂಡರ್. ಮನಸ್ಸಲ್ಲೇ ಲೆಕ್ಕ ಹಾಕಿದೆ: ಊರಲ್ಲಿ ಅಪ್ಪ ಓಡಿಸುತ್ತಿದ್ದ ಮಾರುತಿ 800ರ ಎಂಜಿನ್ 796 ಸಿಸಿ. ಅಂಥ ಎಂಟು ಸೇರಿದರೆ ಇದೊಂದು! ಇದರ ಒಂದೊಂದು ಸಿಲಿಂಡರೂ ನಮ್ಮ ಇಡೀ ಎಂಜಿನ್‌ನಷ್ಟು.

ಓನರ್‌ಗೆ ಎಪ್ಪತ್ತು ದಾಟಿರಬೇಕು. ನಾನು ಬಗ್ಗಿ ನೋಡುವುದನ್ನು ಕಂಡು ತಾವಾಗಿಯೇ ಕೀ ತಿರುಗಿಸಿದರು. ಎದೆಯೊಳಗೇ ಡೊಳ್ಳು ಬಡಿದ ಹಾಗಾಯಿತು. ಕಾರ್ಬ್ಯುರೇಟರ್‌ನ ಆ ಪೆಟ್ರೋಲ್ ವಾಸನೆ ಬೇರೆ. ಮೈಲೇಜ್ ಎಷ್ಟು ಅಂತ ಕೇಳಿಯೇಬಿಟ್ಟೆ. ನಾವು ಬಿಡ್ತೀವಾ? "ಅದನ್ನು ಕೇಳುವವರು ಇದನ್ನು ಕೊಳ್ಳುವುದಿಲ್ಲ" ಎಂದು ನಕ್ಕರು.

ಪಾಂಟಿಯಾಕ್ ಹೆಸರಿನ ಕಾರುಗಳೇ 2010ಕ್ಕೆ ನಿಂತುಹೋದವು. ಇವರು ಮಾತ್ರ ಇನ್ನೂ ಬಟ್ಟೆ ಹಿಡಿದು ಕ್ರೋಮ್ ಬಂಪರ್ ಒರೆಸುತ್ತಿದ್ದಾರೆ. ನಮ್ಮ 800 ಗುಜರಿಗೆ ಹೋದ ದಿನ ಯಾರೂ ಒಂದು ಫೋಟೋ ಕೂಡ ತೆಗೆಯಲಿಲ್ಲ, ಅಲ್ವಾ ಅನ್ನಿಸಿತು. ಅದರ ನಂಬರ್ ಈಗಲೂ ಬಾಯಿಪಾಠ.

ಅಂದಹಾಗೆ, ಹಾಲು ತಂದಿರಲಿಲ್ಲ.